ದಾವಣಗೆರೆ, ಚಿತ್ರದುರ್ಗದ ಕಡೆ ದೇವಸ್ಥಾನ ನೋಡಲು ಕಾರಲ್ಲಿ ಹೊರಟವರಿಗೆ

ನಮ್ಮ ಕಡೆ ದೇವಸ್ಥಾನ ನೋಡೋಕೆ ಅಂತ ಕಾರು ತಗೊಂಡು ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ದಾರಿ ಎಷ್ಟು ದೂರ ಅಂತ ಆಮೇಲೆ ನೋಡಿ, ಗುಡಿ ಬಾಗಿಲು ಯಾವಾಗ ಹಾಕ್ತಾರೆ ಅಂತ ಮೊದಲು ನೋಡಿ. ಬೆಂಗಳೂರಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಅಲ್ಲಿಂದ ದಾವಣಗೆರೆಗೆ ಇನ್ನೊಂದು 60. ದಾವಣಗೆರೆಯಿಂದ ಹರಿಹರಕ್ಕೆ 14 ಅಷ್ಟೇ. ಎಲ್ಲಾ 48ನೇ ನಂಬರಿನ ಹೆದ್ದಾರಿ, ದಾರಿ ಸಲೀಸಾಗಿ ಸಾಗುತ್ತದೆ. ಆದರೆ ಹೆದ್ದಾರಿ ಎಷ್ಟೇ ಚೆನ್ನಾಗಿದ್ದರೂ ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆ ಹೊತ್ತಿಗೆ ಸಾಮಾನ್ಯವಾಗಿ ಗರ್ಭಗುಡಿ ಬಾಗಿಲು ಹಾಕಿಬಿಡುತ್ತಾರೆ. ಮತ್ತೆ ತೆಗೆಯುವುದು ಸಂಜೆ ನಾಲ್ಕೂವರೆ, ಐದರ ಮೇಲೆ. ಬೆಳಿಗ್ಗೆ ನಿಧಾನವಾಗಿ ಎದ್ದು, ತಿಂಡಿ ತಿಂದು, ಹತ್ತು ಗಂಟೆಗೆ ಹೊರಟವರು ಎರಡು ಗುಡಿ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

ಅದಕ್ಕೇ ದಿನವನ್ನು ಹೀಗೆ ಭಾಗ ಮಾಡಿಕೊಳ್ಳಿ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರ ತನಕ ಒಂದು ಜಾಗ, ಸಂಜೆ ಐದರಿಂದ ಎಂಟರ ತನಕ ಒಂದು ಜಾಗ. ನಡುವಿನ ಹೊತ್ತು ಪ್ರಯಾಣಕ್ಕೆ, ಊಟಕ್ಕೆ, ಬಾಗಿಲೇ ಇಲ್ಲದ ಜಾಗಗಳಿಗೆ. ಕೆರೆ, ಪುಷ್ಕರಿಣಿ, ಶಾಸನದ ಬಂಡೆ, ಇಂಥವು ನಮ್ಮ ಕಡೆ ಬೇಕಾದಷ್ಟಿವೆ. ದಿನಕ್ಕೆ ಎರಡು ದೊಡ್ಡ ದೇವಸ್ಥಾನ, ಜೊತೆಗೆ ಒಂದು ಚಿಕ್ಕದು. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಎಲ್ಲೂ ಐದು ನಿಮಿಷ ಕೂರೋಕೆ ಆಗುವುದಿಲ್ಲ. ನಮಸ್ಕಾರ ಮಾಡಿ ಕಟ್ಟೆ ಮೇಲೆ ಒಂದಿಷ್ಟು ಹೊತ್ತು ಕೂತು ಬರದಿದ್ದರೆ ದೇವಸ್ಥಾನಕ್ಕೆ ಹೋದ ಹಾಗೇ ಅಲ್ಲ ಅಂತ ನಮ್ಮ ಮನೆಗಳಲ್ಲಿ ದೊಡ್ಡವರು ಹೇಳುತ್ತಾರಲ್ವಾ, ಅದು ಸುಮ್ನೆ ಹೇಳಿದ ಮಾತಲ್ಲ.

ಹರಿಹರದಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಹೆದ್ದಾರಿಯಲ್ಲಿ ಸಾವಿರಾರು ಜನ ದಿನಾ ಇದರ ಪಕ್ಕದಲ್ಲೇ ಹುಬ್ಬಳ್ಳಿ ಕಡೆ ಹೋಗುತ್ತಾರೆ, ಒಳಗೆ ಬರುವವರು ಕಡಿಮೆ. ತುಂಗಭದ್ರಾ ದಡದ ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು. ಎರಡನೇ ವೀರನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಬೇಲೂರು, ಹಳೇಬೀಡು ನೋಡಿ ಬಂದವರು ಇಲ್ಲೂ ಹೊರಗೋಡೆ ತುಂಬಾ ಶಿಲ್ಪ ಇರುತ್ತದೆ ಅಂದುಕೊಂಡು ಬರುತ್ತಾರೆ. ಅಷ್ಟು ಇಲ್ಲ. ಇಲ್ಲಿ ನೋಡಬೇಕಾದ್ದು ಮಂಟಪ. ತಿರುಗಣೆಯಲ್ಲಿ ತಿರುಗಿಸಿ ಕಡೆದ ಕಂಬಗಳು ಸಾಲಾಗಿ ನಿಂತಿವೆ. ಒಂದು ಕಂಬದ ಹತ್ತಿರ ಹೋಗಿ, ಅದರ ಕುತ್ತಿಗೆಯ ಭಾಗದ ಸಣ್ಣ ಸಣ್ಣ ಉಂಗುರಗಳನ್ನು ನೋಡಿ. ಎಷ್ಟು ನುಣುಪು ಅಂದರೆ ಹೊರಗಿನ ಬೆಳಕು ಅದರ ಮೇಲೆ ಗೆರೆಗಳಾಗಿ ಬೀಳುತ್ತದೆ, ನೀವು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಆ ಗೆರೆಯೂ ಸರಿಯುತ್ತದೆ. ಆಮೇಲೆ ತಲೆ ಎತ್ತಿ ಚಾವಣಿಯ ಕೆತ್ತನೆ ನೋಡಿ. ಎಂಟುನೂರು ವರ್ಷ ಆಯಿತು ಅಂತ ಯಾರಾದರೂ ಹೇಳಿದರೆ ಮಾತ್ರ ನೆನಪಾಗುತ್ತದೆ.

ಒಳಗಿನ ಮೂರ್ತಿ ಒಂದೇ ಮೈಯಲ್ಲಿ ಹರಿ, ಹರ ಇಬ್ಬರೂ. ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಎದುರಿಗೆ ನಿಂತ ನಮಗೆ ಎಡಗೈ ಕಡೆ ಶಿವ, ಬಲಗೈ ಕಡೆ ವಿಷ್ಣು ಕಾಣುತ್ತಾರೆ. ಹೂವಿನ ಅಲಂಕಾರ ಪೂರ್ತಿ ಆದ ಮೇಲೆ ಈ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಬೆಳಿಗ್ಗೆ ಬೇಗ, ಅಭಿಷೇಕದ ಹೊತ್ತಿಗೆ ಹೋಗಿ. ಗುಹಾಸುರ ಅಂತ ರಾಕ್ಷಸ, ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಸಾವು ಬರಬಾರದು ಅಂತ ವರ ಪಡೆದಿದ್ದ. ಅವನನ್ನು ಕೊಲ್ಲೋಕೆ ಇಬ್ಬರೂ ಒಂದಾಗಿ ಬಂದರು ಅನ್ನುವುದು ಇಲ್ಲಿನ ಕಥೆ. ಮಕ್ಕಳು ಜೊತೆಗಿದ್ದರೆ ಈ ಕಥೆಯನ್ನು ಕಾರಲ್ಲೇ ಹೇಳಿ ಕರೆದುಕೊಂಡು ಬನ್ನಿ, ಮೂರ್ತಿ ನೋಡುವಾಗ ಅವರೇ ನಿಮಗೆ ತೋರಿಸುತ್ತಾರೆ. ಆವರಣದಲ್ಲಿ ದೊಡ್ಡ ದೊಡ್ಡ ಹಳಗನ್ನಡ ಶಾಸನದ ಕಲ್ಲುಗಳಿವೆ. ಅವುಗಳ ಮುಂದೆ ಎರಡು ನಿಮಿಷ ನಿಲ್ಲಿ. ಅಕ್ಷರ ಓದೋಕೆ ಬರದಿದ್ದರೂ ಮೇಲಿನ ಸೂರ್ಯ, ಚಂದ್ರರ ಕೆತ್ತನೆ ಗುರುತಿಸಬಹುದು. ಸೂರ್ಯ ಚಂದ್ರ ಇರುವ ತನಕ ಈ ದಾನ ನಡೆಯಲಿ ಅಂತ ಅದರ ಅರ್ಥ.

ಹರಿಹರ ಮುಗಿಸಿ ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿನ್ನಿ, ಅದನ್ನು ನಾನು ಬೇರೆ ಹೇಳಬೇಕಾಗಿಲ್ಲ. ದೇವಸ್ಥಾನಕ್ಕೆ ಮೊದಲೋ ಆಮೇಲೋ ಅಂತ ಕೇಳುವವರಿದ್ದಾರೆ. ಆಮೇಲೆ. ಹೊಟ್ಟೆ ತುಂಬಾ ಬೆಣ್ಣೆ ದೋಸೆ ತಿಂದು ಮಂಟಪದಲ್ಲಿ ನಿಂತರೆ ನಿದ್ದೆ ಬರುತ್ತದೆ.

ದಾವಣಗೆರೆ ನಗರದೇವತೆ ದುರ್ಗಾಂಬಿಕೆ. ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಆರಾಮಾಗಿ ದರ್ಶನ ಬೇಕಾದವರು ಆ ಎರಡು ದಿನ ಬಿಟ್ಟು ಬನ್ನಿ, ಆದರೆ ಊರಿನ ಹೆಣ್ಣುಮಕ್ಕಳು ಉಡಿ ತುಂಬುವುದನ್ನು ನೋಡಬೇಕು, ತಾವೂ ತುಂಬಬೇಕು ಅನ್ನುವವರು ಆ ದಿನಗಳಲ್ಲೇ ಬರಬೇಕು. ಉಡಿಗೆ ಕುಪ್ಪಸದ ಬಟ್ಟೆ, ಅಕ್ಕಿ, ಕಾಯಿ, ಎಲೆ ಅಡಿಕೆ, ಬಳೆ, ಅರಿಶಿನ ಕುಂಕುಮ ಬೇಕು. ಗುಡಿ ಮುಂದಿನ ಅಂಗಡಿಗಳಲ್ಲೇ ಸಿಗುತ್ತದೆ, ಊರಿಂದ ಹೊತ್ತು ತರಬೇಡಿ. ಎರಡು ವರ್ಷಕ್ಕೊಮ್ಮೆ ಇಲ್ಲಿ ದೊಡ್ಡ ಜಾತ್ರೆ. ಆಗ ಹಳೇ ಊರಿನ ಓಣಿಗಳಲ್ಲಿ ಕಾರು ಒಯ್ಯುವ ಆಸೆ ಬಿಡಿ. ಊರಲ್ಲೇ ಆನೆಕೊಂಡದಲ್ಲಿ ಒಂದು ಹಳೇ ಈಶ್ವರ ದೇವಸ್ಥಾನ ಇದೆ, ಚಿಕ್ಕದು, ಕೆತ್ತನೆ ಚೆಂದ, ಗದ್ದಲ ಇಲ್ಲ. ಸಂಜೆ ಅರ್ಧ ಗಂಟೆ ಅಲ್ಲಿಗೆ ಇಡಿ.

ಮಧ್ಯಾಹ್ನಕ್ಕೆ ನಾನು ಹೇಳುವ ಜಾಗ ಸಂತೆಬೆನ್ನೂರು. ಚನ್ನಗಿರಿ ತಾಲ್ಲೂಕು, ದಾವಣಗೆರೆಯಿಂದ ಮುಕ್ಕಾಲು ಗಂಟೆ, ಒಂದು ಗಂಟೆ ದಾರಿ. 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ ಅದು. ನಾಲ್ಕೂ ಕಡೆ ಮೆಟ್ಟಿಲು, ನಡುನೀರಲ್ಲಿ ವಸಂತ ಮಂಟಪ. ಇದು ಬರೀ ನೀರಿನ ಕೊಳ ಅಲ್ಲ, ದೇವರ ಉತ್ಸವಕ್ಕೆ ಅಂತಲೇ ಕಟ್ಟಿದ್ದು. ಪಕ್ಕದಲ್ಲಿದ್ದ ದೇವಸ್ಥಾನ ಬಿಜಾಪುರದ ದಂಡಿನಿಂದ ಹಾಳಾಯಿತು, ಆ ಜಾಗದಲ್ಲಿ ಈಗ ಇರುವುದು ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಪ್ರಯಾಣಿಕರು ತಂಗಲು ಕಟ್ಟಿಸಿದ ಮುಸಾಫಿರ್‌ಖಾನೆ. ಎರಡನ್ನೂ ಸಮಾಧಾನವಾಗಿ ನೋಡಿ. ಮೆಟ್ಟಿಲು ಕಡಿದಾಗಿವೆ, ನೀರಿನ ಹತ್ತಿರದವು ಜಾರುತ್ತವೆ, ಮಕ್ಕಳ ಕೈ ಬಿಡಬೇಡಿ. ಈಜುವುದು, ಕಾಲು ತೊಳೆಯುವುದು ಬೇಡ. ಅಲ್ಲಿಂದ ಸೂಳೆಕೆರೆ ಹತ್ತಿರ. ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಕೆರೆ ಏರಿ ಮೇಲೆ ನಿಂತು ಗಾಳಿ ಕುಡಿದು, ದಡದ ಸಿದ್ಧೇಶ್ವರನಿಗೆ ಕೈ ಮುಗಿದು ಬರಬಹುದು.

ಇನ್ನೂ ಅರ್ಧ ದಿನ ಇದ್ದರೆ ನ್ಯಾಮತಿ ಕಡೆ ಹೋಗಿ. ಬೆಳಗುತ್ತಿ ಹತ್ತಿರ ಗುಡ್ಡದ ಮೇಲೆ ತೀರ್ಥರಾಮೇಶ್ವರ. ಅಲ್ಲಿ ವರ್ಷವಿಡೀ ನೀರು ಬರುತ್ತಲೇ ಇರುತ್ತದೆ, ಜನ ಬಾಟಲಿ ತುಂಬಿಕೊಂಡು ಮನೆಗೆ ಒಯ್ಯುತ್ತಾರೆ. ಖಾಲಿ ಬಾಟಲಿ ಮನೆಯಿಂದಲೇ ತನ್ನಿ, ತಂದದ್ದನ್ನು ವಾಪಸ್ ಒಯ್ಯಿರಿ. ಅದೇ ಕಡೆ ಸೂರಗೊಂಡನಕೊಪ್ಪ ಇದೆ, ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿ ನಡುವಿನ ಜಯಂತಿಗೆ ಬೇರೆ ಬೇರೆ ರಾಜ್ಯಗಳಿಂದ ಲಂಬಾಣಿ ಜನ ಬರುತ್ತಾರೆ. ನಡೆದುಕೊಂಡೇ ಬರುವವರು ಬಹಳ, ರಾತ್ರಿ ಆ ದಾರಿಯಲ್ಲಿ ಕಾರು ನಿಧಾನ ಓಡಿಸಿ.

ಈಗ ಚಿತ್ರದುರ್ಗ. ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ, ಮದಕರಿ ನಾಯಕ, ಇದೆಲ್ಲ ಎಲ್ಲರಿಗೂ ಗೊತ್ತು. ಆದರೆ ಈ ಕೋಟೆ ಒಂದು ಪುಣ್ಯಕ್ಷೇತ್ರ ಕೂಡ ಅನ್ನುವುದನ್ನು ಟೂರಿಸ್ಟ್‌ಗಳು ಗಮನಿಸುವುದೇ ಇಲ್ಲ. ಒಳಗೆ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಫಲ್ಗುಣೇಶ್ವರ, ಗೋಪಾಲಕೃಷ್ಣ, ಆಂಜನೇಯ, ಹೀಗೆ ಹೆಜ್ಜೆಗೊಂದು ಗುಡಿ. ಬೇರೆ ಕೋಟೆಗಳಲ್ಲಿ ಗುಡಿ ಪಾಳು ಬಿದ್ದಿರುತ್ತದೆ, ಇಲ್ಲಿ ಇವತ್ತಿಗೂ ಊರಿನವರು ಬೆಳಿಗ್ಗೆ ಹತ್ತಿ ಬಂದು ದೀಪ ಹಚ್ಚುತ್ತಾರೆ. ಏಕನಾಥಮ್ಮ ಪಾಳೇಗಾರರ ದೇವತೆ. ಸಂಪಿಗೆ ಸಿದ್ಧೇಶ್ವರನ ಮುಂದೆಯೇ ನಾಯಕರಿಗೆ ಪಟ್ಟ ಕಟ್ಟುತ್ತಿದ್ದರು. ಅಂಗಳದಲ್ಲಿ ನಿಂತು ದೀಪದ ಕಂಬ, ಕಲ್ಲಿನ ಉಯ್ಯಾಲೆ ಕಂಬ ನೋಡಿ. ಹಿಡಿಂಬೇಶ್ವರ ಗುಡಿಗೆ ಬಂದರೆ ಭೀಮನ ಕಥೆ. ಹಿಡಿಂಬಾಸುರ ಇದ್ದ ಬೆಟ್ಟ ಇದೇ, ಭೀಮ ಅವನನ್ನು ಕೊಂದದ್ದು ಇಲ್ಲೇ ಅನ್ನುತ್ತಾರೆ. ಹಿಡಿಂಬನ ಹಲ್ಲು ಅಂತ ಒಂದು ದೊಡ್ಡ ತುಂಡನ್ನೂ ಅಲ್ಲಿ ತೋರಿಸುತ್ತಾರೆ.

ಕೋಟೆಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ಇದರಲ್ಲಿ ರಾಜಿ ಬೇಡ. ಪುರಾತತ್ವ ಇಲಾಖೆಯ ಟಿಕೆಟ್ ಇದೆ, ಫೋನಲ್ಲೂ ತೆಗೆಸಬಹುದು. ಹತ್ತು ಗಂಟೆ ಆಯಿತು ಅಂದರೆ ಬಂಡೆ ಕಾಯಲು ಶುರು. ಗುಡಿ ಮುಂದೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಬರಿಗಾಲಲ್ಲಿ ಇಡೋಕೆ ಆಗುವುದಿಲ್ಲ, ಮಾರ್ಚಿಂದ ಮೇ ತನಕ ಅಂತೂ ಕೇಳುವುದೇ ಬೇಡ. ಒಂದು ಜೊತೆ ದಪ್ಪ ಕಾಲುಚೀಲ ಬ್ಯಾಗಲ್ಲಿರಲಿ. ಜನಕ್ಕೆ ಇಲ್ಲಿ ಹೆದರಿಕೆ ಕೋತಿಗಳದ್ದು. ಹಣ್ಣುಕಾಯಿ, ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ, ಏನೂ ಕೈಯಲ್ಲಿ ಕಾಣುವ ಹಾಗೆ ಹಿಡಿಯಬೇಡಿ. ಜಿಪ್ ಇರುವ ಬ್ಯಾಗಲ್ಲಿ ಹಾಕಿ ಬೆನ್ನಿಗೆ ಏರಿಸಿ. ಪೂಜೆ ಆದ ಮೇಲೆ ಪ್ರಸಾದದ ಕಾಯಿಯನ್ನೂ ಅಷ್ಟೇ. ಕೋತಿ ಕಿತ್ತುಕೊಂಡರೆ ಕೊಟ್ಟುಬಿಡಿ, ಎಳೆದಾಡಬೇಡಿ, ಕಚ್ಚುತ್ತದೆ. ಹತ್ತುವಾಗ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡೇ ನೋಡಿ. ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ನೀರು ಹರಿಯುವ ಹಾಗೆ ಕಟ್ಟಿದ್ದಾರೆ. ಬಯಲುಸೀಮೆಯ ಬೆಟ್ಟದ ಮೇಲೆ ಇಷ್ಟೊಂದು ದೇವರು, ಇಷ್ಟೊಂದು ಜನ ಹೇಗೆ ಬದುಕಿದರು ಅನ್ನುವುದಕ್ಕೆ ಉತ್ತರ ಈ ಹೊಂಡಗಳಲ್ಲಿದೆ.

ವಯಸ್ಸಾದವರು ಜೊತೆಗಿದ್ದರೆ ಕೋಟೆಯಲ್ಲಿ ಮೇಲೆ ತನಕ ಹತ್ತಿಸಬೇಡಿ. ಊರೊಳಗೆ ಉಚ್ಚಂಗಿ ಯಲ್ಲಮ್ಮನ ಗುಡಿ ಇದೆ, ಕಾರು ಹತ್ತಿರ ಹೋಗುತ್ತದೆ. ಊರ ಪಕ್ಕದ ಚಂದ್ರವಳ್ಳಿಗೂ ಅವರು ಬರಬಹುದು. ಕೆರೆ, ಬಂಡೆ, ಅಂಕಲಿ ಮಠದ ಗುಹೆಗಳು. ಅಲ್ಲಿನ ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ವಿಷಯದ ಶಾಸನ ಇದೆ, 4ನೇ ಶತಮಾನದ್ದು. ಗುಹೆಯೊಳಗೆ ಕತ್ತಲು, ತಲೆ ತಗ್ಗಿಸಿ ಹೋಗಬೇಕು, ಟಾರ್ಚ್ ಬೇಕು.

ಚಿತ್ರದುರ್ಗದಿಂದ ಪೂರ್ವಕ್ಕೆ ಹೊರಟರೆ ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು. ನನಗೆ ಅತಿ ಇಷ್ಟದ ದಾರಿ ಇದು, ಬಿಸಿಲು, ಬಯಲು, ಕಲ್ಲು. ಇದಕ್ಕೆ ಒಂದು ಇಡೀ ದಿನ ಕೊಡಿ. ಚಳ್ಳಕೆರೆಯಲ್ಲೇ ಪೆಟ್ರೋಲ್ ತುಂಬಿಸಿ, ನೀರು ಜಾಸ್ತಿ ಇಟ್ಟುಕೊಳ್ಳಿ.

ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಗುರು. ಕೆರೆ ಕೆಲಸಕ್ಕೆ ಬಂದವರಿಗೆ ಸಂಜೆ ಕೂಲಿಯಾಗಿ ಮಣ್ಣಿನ ಗುಡ್ಡೆ ಮಾಡಿ ಕೊಡುತ್ತಿದ್ದರಂತೆ, ಯಾರು ಎಷ್ಟು ದುಡಿದಿದ್ದರೋ ಅವರ ಗುಡ್ಡೆಯಲ್ಲಿ ಅಷ್ಟೇ ದುಡ್ಡು ಇರುತ್ತಿತ್ತಂತೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವ ಅವರ ಮಾತು ನಮ್ಮ ಕಡೆ ಲಾರಿ, ಟ್ರ್ಯಾಕ್ಟರ್ ಹಿಂದೆ ಕೂಡ ಬರೆದಿರುತ್ತದೆ. ಒಳಮಠ, ಹೊರಮಠ ಅಂತ ಎರಡಿವೆ. ಒಂದನ್ನೇ ನೋಡಿ ಹೊರಟುಬಿಡಬೇಡಿ, ಎರಡಕ್ಕೂ ಹೋಗಿ. ಇಲ್ಲಿನ ಹರಕೆ ಒಣ ಕೊಬ್ಬರಿ. ಜಾತ್ರೆಯಲ್ಲಿ ರಾಶಿ ರಾಶಿ ಕೊಬ್ಬರಿ ಬೆಂಕಿಗೆ ಹಾಕಿ ಸುಡುತ್ತಾರೆ, ಅದರ ವಾಸನೆ ಗಾಳಿಯಲ್ಲಿ ದೂರದ ತನಕ ಬರುತ್ತದೆ. ತೇರು ಫಾಲ್ಗುಣದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳು. ತೇರಿಗೆ ಮೊದಲು ಮುಕ್ತಿ ಬಾವುಟದ ಹರಾಜು ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ.

ಅಲ್ಲಿಂದ ಮೊಳಕಾಲ್ಮೂರು ಕಡೆ ಜಟಿಂಗ ರಾಮೇಶ್ವರ. ಬೆಟ್ಟದ ತುದಿಯಲ್ಲಿ ಗುಡಿ, ಮೆಟ್ಟಿಲು ಹತ್ತಬೇಕು, ಮಂಡಿ ನೋವಿನವರಿಗೆ ಕಷ್ಟ. ಸೀತೆಯನ್ನು ಬಿಡಿಸಲು ರಾವಣನ ಜೊತೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲಿ, ರಾಮ ಲಿಂಗ ಪ್ರತಿಷ್ಠೆ ಮಾಡಿದ ಅಂತ ನಂಬಿಕೆ. ಗುಡಿ ಹತ್ತಿರವೇ ಅಶೋಕನ ಶಾಸನ ಇರುವ ಬಂಡೆ ಇದೆ, ಅಕ್ಷರ ತುಂಬಾ ಸವೆದಿದೆ. ಸರಿಯಾಗಿ ಕಾಣಬೇಕು ಅಂದರೆ ಕೆಳಗೆ ಬ್ರಹ್ಮಗಿರಿಗೆ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆಯ ಶಾಸನಗಳನ್ನು 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದರು. ಬ್ರಹ್ಮಗಿರಿ ಬಂಡೆಯ ಮೇಲಿನ ಬರಹ ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕೊನೆಗೆ ಬರೆದವನ ಹೆಸರು ಚಪಡ ಅಂತ ಇದೆ. ಅವನು ‘ಲಿಪಿಕಾರ’ ಅನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಲಿಪಿ ಬಳಕೆಯಲ್ಲಿ ಇದ್ದದ್ದು ವಾಯವ್ಯ ಗಡಿ ಕಡೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಲಿಪಿ ಬಲ್ಲವನೊಬ್ಬ ನಮ್ಮ ಮೊಳಕಾಲ್ಮೂರಿಗೆ ಬಂದು ಬಿಸಿಲಲ್ಲಿ ಕೂತು ಬರೆದ ಅಂದರೆ ಮೈ ಜುಂ ಅನ್ನುತ್ತದೆ. ಜಟಿಂಗ ರಾಮೇಶ್ವರ ಬೆಳಿಗ್ಗೆ, ಬ್ರಹ್ಮಗಿರಿ ಮಧ್ಯಾಹ್ನಕ್ಕೆ ಮೊದಲು, ನಾಯಕನಹಟ್ಟಿ ಸಂಜೆ. ಈ ಕ್ರಮ ತಿರುಗಿಸಿದರೆ ಬೆಟ್ಟ ಹತ್ತುವಾಗ ನೆತ್ತಿ ಸುಡುತ್ತದೆ.

ಬೆಂಗಳೂರಿಂದ ಬರುವವರಿಗೆ ಹಿರಿಯೂರು ದಾರಿಯಲ್ಲೇ ಸಿಗುತ್ತದೆ. ವೇದಾವತಿ ದಡದ ತೇರು ಮಲ್ಲೇಶ್ವರನಿಗೆ ಬೆಳಿಗ್ಗೆ ಎಂಟಕ್ಕೆ ಮುಟ್ಟುವ ಹಾಗೆ ಹೊರಡಿ. ಆಮೇಲೆ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ಊರೂರಿಂದ ಜನ ಬಂದು ಕಣಿವೆ ಮಾರಮ್ಮನಿಗೆ ಪೂಜೆ ಮಾಡಿಸಿದರು. ಹೊಸದುರ್ಗದ ಕಡೆ ಹಾಲುರಾಮೇಶ್ವರ, ಹೊಳಲ್ಕೆರೆಯಲ್ಲಿ ಬಯಲು ಗಣಪತಿ, ಇವೆರಡೂ ಚಿಕ್ಕ ಸುತ್ತಿಗೆ ಸರಿ. ಹೊಳಲ್ಕೆರೆಯ ಗಣಪ ಬಯಲಲ್ಲೇ ಕೂತಿರುವವನು, ಯಾವ ಹೊತ್ತಿಗೆ ಹೋದರೂ ದರ್ಶನ ಕೊಡುತ್ತಾನೆ.

ಹಳ್ಳಿ ಗುಡಿಗಳ ವಿಷಯ ಬೇರೆ. ಅಲ್ಲಿ ಬೋರ್ಡಿನ ಮೇಲಿನ ಟೈಮ್ ನಂಬಬೇಡಿ, ಬೋರ್ಡೇ ಇರುವುದಿಲ್ಲ ಎಷ್ಟೋ ಕಡೆ. ಪೂಜಾರಿ ಬೆಳಿಗ್ಗೆ ಪೂಜೆ ಮುಗಿಸಿ ಹೊಲಕ್ಕೆ ಹೋಗಿರುತ್ತಾರೆ. ಬಾಗಿಲು ಹಾಕಿದ್ದರೆ ಎದುರಿನ ಕಿರಾಣಿ ಅಂಗಡಿಯಲ್ಲಿ ಕೇಳಿ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಅವರಿಗೆ ಗೊತ್ತಿರುತ್ತದೆ, ಫೋನೂ ಮಾಡಿ ಕರೆಸುತ್ತಾರೆ. ಹೊಲದಿಂದ ಕೆಲಸ ಬಿಟ್ಟು ಬಂದವರಿಗೆ ಅವಸರ ಮಾಡಬೇಡಿ, ಅವರು ಕೈಕಾಲು ತೊಳೆದು ದೀಪ ಹಚ್ಚುವ ತನಕ ಕಾಯಿರಿ, ತಟ್ಟೆಗೆ ಮನಸ್ಸು ಪೂರ್ತಿ ಹಾಕಿ. ಹತ್ತು, ಇಪ್ಪತ್ತರ ಚಿಲ್ಲರೆ ಜೇಬಲ್ಲಿರಲಿ, ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ಗರ್ಭಗುಡಿಯ ಫೋಟೋ ಕೇಳದೇ ತೆಗೆಯಬೇಡಿ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹೊರಬರುವ ಗೋಮುಖ ದಾಟದೆ ವಾಪಸ್ ತಿರುಗುವ ಪದ್ಧತಿ ಇದೆ, ಊರಿನವರು ಹೇಗೆ ಸುತ್ತುತ್ತಾರೋ ನೋಡಿಕೊಂಡು ಹಾಗೇ ಮಾಡಿ. ಬಟ್ಟೆ ಮೈ ತುಂಬಾ ಇದ್ದರೆ ಸಾಕು, ನಮ್ಮ ಕಡೆ ಅಂಗಿ ತೆಗೆಯಿರಿ ಅಂತ ಹೇಳುವುದು ಅಪರೂಪ. ಗ್ರಹಣದ ದಿನ ಮಾತ್ರ ಹೊರಡಬೇಡಿ, ಬಹಳ ಗುಡಿ ಮುಚ್ಚಿರುತ್ತವೆ.

ಸುಗ್ಗಿ ಹೊತ್ತಲ್ಲಿ ಬಂದರೆ ಹಳ್ಳಿ ರಸ್ತೆಯ ಮೇಲೆ ಮೆಕ್ಕೆಜೋಳ, ರಾಗಿ ಒಣಗಲು ಹರಡಿರುತ್ತಾರೆ. ಕಾಳಿನ ಮೇಲೆ ಕಾರು ಹತ್ತಿಸಬೇಡಿ, ಬ್ರೇಕ್ ಹಾಕಿದರೆ ಜಾರುತ್ತದೆ, ಅವರ ವರ್ಷದ ದುಡಿಮೆಯೂ ಅದು. ಬಣ್ಣ ಬಳಿಯದ ಹಂಪ್‌ಗಳು ಊರಿಗೊಂದು ಇದ್ದೇ ಇರುತ್ತವೆ. ಕತ್ತಲಾದ ಮೇಲೆ ಒಳದಾರಿ ಬಿಟ್ಟು ಹೆದ್ದಾರಿ ಹಿಡಿಯಿರಿ.

ಜಾತ್ರೆಗೇ ಬರುವುದಾದರೆ ಪಂಚಾಂಗ ನೋಡಿ ತಾರೀಖು ಖಚಿತ ಮಾಡಿಕೊಳ್ಳಿ, ಹೋದ ವರ್ಷದ ತಾರೀಖು ಈ ವರ್ಷಕ್ಕೆ ಬರುವುದಿಲ್ಲ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗುವವರು ದಾವಣಗೆರೆಯಲ್ಲಿ ಉಳಿದು ಬೆಳಗಿನ ಜಾವವೇ ಹೊರಡಬೇಕು. ಆ ಊರು ಈಗ ವಿಜಯನಗರ ಜಿಲ್ಲೆಯಲ್ಲಿದೆ, ಆದರೆ ಉಚ್ಚೆಂಗೆಮ್ಮನಿಗೆ ನಡೆದುಕೊಳ್ಳುವ ನಮ್ಮ ಕಡೆಯ ಮನೆಗಳಿಗೆ ಅದು ಇವತ್ತಿಗೂ ತಮ್ಮ ಊರೇ. ಕಾರನ್ನು ಊರ ಹೊರಗೆ, ವಾಪಸ್ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ನಿಲ್ಲಿಸಿದ ಜಾಗದ ಗುರುತು ಫೋನಲ್ಲಿ ಹಾಕಿಕೊಂಡು, ಬೆಟ್ಟದ ತನಕ ಜನರ ಜೊತೆ ನಡೆಯಿರಿ.